ಪಕ್ಕದ ಸೀಟಿನ ಬ್ರೇಕು

ಬ್ರೇಕಕ್ಕ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಹೃದಯಾಘಾತ. ಆಸ್ಪತ್ರೆಯ ಬಾಗಿಲಿನವರೆಗೆ ಎಚ್ಚರವಾಗಿಯೇ ಇದ್ದಳು. ಒಳಗೆ ಹೋದ ಮೇಲೆ ಡಾಕ್ಟರುಗಳು ಮಾಡಬೇಕಾದದ್ದನ್ನೆಲ್ಲ ಮಾಡಿದರು, ಫಲಿಸಲಿಲ್ಲ. ವಯಸ್ಸು ಅರವತ್ತು ದಾಟಿತ್ತು. ಗಂಡ ಇದ್ದಾರೆ, ಮಗಳಿದ್ದಾಳೆ, ಅವಳ ಹತ್ತಿರ ಕಾರು ಕಲಿತು ಈ ಊರಿನ ರಸ್ತೆಗಳಲ್ಲಿ ಓಡಾಡುತ್ತಿರುವ ಅದೆಷ್ಟೋ ಜನ ಇದ್ದಾರೆ. ಅವರಲ್ಲಿ ಬಹಳ ಮಂದಿಗೆ ಅವಳ ನಿಜವಾದ ಹೆಸರು ಗೊತ್ತಿಲ್ಲ. ಗೊತ್ತಿದ್ದವರೂ ಅದನ್ನು ಬಳಸಿದ್ದಿಲ್ಲ.

ಅಡ್ಡಹೆಸರು ಬಂದದ್ದು ಬಲಗಾಲಿನಿಂದ. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರು ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಸ್ಟಿಯರಿಂಗ್, ಗೇರು, ಹಾರನ್ನು ಎಲ್ಲವೂ ಕಲಿಯುವವರ ಕೈಯಲ್ಲೇ ಇದ್ದರೂ ಕೊನೆಯ ಮಾತು ಈ ಪೆಡಲಿನದು. ಬ್ರೇಕಕ್ಕ ಅದನ್ನು ಒತ್ತುತ್ತಿದ್ದ ರೀತಿಯೇ ಬೇರೆ. ಪಕ್ಕದಲ್ಲಿ ಕುಳಿತು ಸಂಸಾರದ ಸುದ್ದಿ, ಸಿನಿಮಾ, ಸೊಸೆಯಂದಿರ ಜಗಳ ಎಲ್ಲ ಮಾತಾಡುತ್ತಿರುವಾಗಲೇ ಅವಳ ಕಾಲು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕಾರು ಹೂವಿನ ಮೇಲೆ ನಿಂತಂತೆ ನಿಲ್ಲುತ್ತಿತ್ತು. ಸ್ಟಿಯರಿಂಗ್ ಹಿಡಿದವರು ತಾವೇ ನಿಲ್ಲಿಸಿದೆವೆಂದು ಬೀಗುತ್ತಿದ್ದರು. ಅವಳೂ, "ಭೇಷ್, ಕೈ ಕೂತಿದೆ ನಿಂಗೆ" ಎಂದು ಹೊಗಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆದರೆ ಆ ಕಾಲಿಗೆ ಕೆಲಸದ ಹೊತ್ತು, ಬಿಡುವಿನ ಹೊತ್ತು ಎಂಬ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಕುಳಿತರೂ ಒತ್ತುತ್ತಿತ್ತು, ಲಿಫ್ಟಿನಲ್ಲೂ ಒತ್ತುತ್ತಿತ್ತು. ಸಿನಿಮಾದಲ್ಲಿ ಕಾರು ಅಟ್ಟಿಸಿಕೊಂಡು ಹೋಗುವ ದೃಶ್ಯ ಬಂದರೆ ಮುಂದಿನ ಸೀಟಿನವರು ಹಿಂದೆ ತಿರುಗಿ ದುರುಗುಟ್ಟುತ್ತಿದ್ದರು. ಎಡಗಾಲಿನ ಚಪ್ಪಲಿ ಹೊಸದಿದ್ದಂತೆಯೇ ಇರುವಾಗ ಬಲಗಾಲಿನದು ಸವೆದು ಹಾಳೆಯಾಗುತ್ತಿತ್ತು. ಚಪ್ಪಲಿ ಹೊಲಿಯುವವನು ಒಮ್ಮೆ ಎರಡನ್ನೂ ಜೋಡಿಸಿ ಹಿಡಿದು, "ಅಕ್ಕಾ, ನೀವೇನು ಕುಂಟಾಬಿಲ್ಲೆ ಆಡ್ಕೊಂಡೇ ಮನೆಗೆ ಹೋಗ್ತೀರಾ?" ಎಂದು ಕೇಳಿದ್ದ.

ಗಂಡ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಎಲ್ಲರಿಗೂ ಅವರು ಮೇಷ್ಟ್ರು. ಸ್ಟಿಯರಿಂಗ್ ಮುಟ್ಟಿದವರೇ ಅಲ್ಲ. "ದಾರಿ ಗೊತ್ತಿರೋನು ನಾನು, ಗಾಡಿ ಗೊತ್ತಿರೋಳು ನೀನು. ಇಬ್ಬರಿಗೂ ಎರಡೂ ಗೊತ್ತಾದ್ರೆ ಮಾತಾಡೋಕೆ ಏನಿರುತ್ತೆ?" ಎನ್ನುತ್ತಿದ್ದರು. ಒಬ್ಬಳೇ ಮಗಳು, ಪುಟ್ಟಿ, ಊರಿನ ಒಂದು ಲ್ಯಾಬಿನಲ್ಲಿ ಪರೀಕ್ಷೆಗೆಂದು ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ಎಂಥ ಸಣ್ಣ ನರವಿದ್ದರೂ ಒಂದೇ ಚುಚ್ಚಿಗೆ ಹುಡುಕುವ ಕೈ. ಅದೇ ಕೈ ಸ್ಟಿಯರಿಂಗ್ ಹಿಡಿದರೆ ನಡುಗುತ್ತಿತ್ತು. ಕಾಲೇಜಿನ ದಿನಗಳಲ್ಲಿ ತಾಯಿ ಕಲಿಸಲು ಹೊರಟು, ಕಾರು ಗಳಿಗೆಗೊಮ್ಮೆ ತಾನಾಗಿಯೇ ನಿಂತು ನಿಂತು, ಕೊನೆಗೆ ಪುಟ್ಟಿ ನಡುರಸ್ತೆಯಲ್ಲಿ ಕೀ ಕಿತ್ತು ತಾಯಿಯ ಮಡಿಲಿಗೆ ಎಸೆದಿದ್ದಳು. "ತಗೋ, ನೀನೇ ಓಡಿಸ್ಕೋ. ನಾನು ಜನ್ಮದಲ್ಲಿ ಇದರ ಸಹವಾಸಕ್ಕೆ ಬರಲ್ಲ!" ಆ ಮಾತು ಮನೆಯಲ್ಲಿ ನಗೆಯ ವಿಷಯವಾಗಿ ಉಳಿದುಕೊಂಡಿತು. ಮನೆಗೊಬ್ಬ ಡ್ರೈವರ್ ಸಾಕು ಎಂದು ಮೂವರೂ ನೆಮ್ಮದಿಯಾಗಿದ್ದರು.

ಮೇಷ್ಟ್ರು ಬಿದ್ದದ್ದು ಒಂದು ಬೆಳಿಗ್ಗೆ, ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ. ಬ್ರೇಕಕ್ಕ ಆಗ ಊರಾಚೆಯ ರಸ್ತೆಯಲ್ಲಿ ಒಬ್ಬ ದರ್ಜಿಯವನಿಗೆ ಕಾರು ಹಿಂದಕ್ಕೆ ತೆಗೆಯುವುದನ್ನು ಹೇಳಿಕೊಡುತ್ತಿದ್ದಳು. ಫೋನು ಪರ್ಸಿನೊಳಗಿತ್ತು. ಪಾಠದ ಹೊತ್ತಿನಲ್ಲಿ ಫೋನು ಮುಟ್ಟಬಾರದೆಂಬುದು ಅವಳೇ ಮಾಡಿಕೊಂಡ ಕಟ್ಟುನಿಟ್ಟು. ಮನೆಯಲ್ಲಿ ಪುಟ್ಟಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸಿಗೆ ಕರೆಮಾಡಿದಳು. ಬರ್ತಿದೆ ಎಂದರು. ಮತ್ತೆ ಮಾಡಿದಳು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ ಎಂದರು. ಮನೆಯ ಸಣ್ಣ ಕಾರು ಗೇಟಿನ ಮುಂದೆಯೇ ನಿಂತಿತ್ತು. ಬಾಗಿಲ ಪಕ್ಕದ ಮೊಳೆಯಲ್ಲಿ ಅದರ ಕೀ ನೇತಾಡುತ್ತಿತ್ತು. ಮೇಷ್ಟ್ರ ಅರ್ಧ ಮುಖದಲ್ಲಿ ಸೋಪಿನ ನೊರೆ ಒಣಗುತ್ತಿತ್ತು. ಅವರ ಒಂದು ಕಣ್ಣು ಆ ಕೀಯನ್ನೇ ನೋಡುತ್ತಿದ್ದಂತೆ ಪುಟ್ಟಿಗೆ ಅನ್ನಿಸಿತು. ಕೊನೆಗೆ ಬೀದಿಯ ಕೊನೆಯ ಬೇಕರಿಯವನು ತನ್ನ ವ್ಯಾನಿನಿಂದ ಬ್ರೆಡ್ಡಿನ ಟ್ರೇಗಳನ್ನು ರಸ್ತೆಗೇ ಇಳಿಸಿ, ಅವರನ್ನು ಮಲಗಿಸಿಕೊಂಡು ಹೋದ.

"ಸ್ವಲ್ಪ ಬೇಗ ಬಂದಿದ್ರೆ" ಎಂದರು ಡಾಕ್ಟರು. ವಾಕ್ಯವನ್ನು ಮುಗಿಸಲಿಲ್ಲ, ಒಳ್ಳೆಯ ಮನುಷ್ಯ. ಆದರೆ ಮುಗಿಸದೆ ಬಿಟ್ಟ ಆ ವಾಕ್ಯ ಬ್ರೇಕಕ್ಕನ ಹೊಟ್ಟೆಯೊಳಗೆ ಮನೆ ಮಾಡಿತು. ಮೇಷ್ಟ್ರ ಜೀವ ಉಳಿಯಿತು, ಎಡಗೈ ಎಡಗಾಲು ಸೋತವು, ನಾಲಿಗೆ ತೊಡರುವಂತಾಯಿತು. ನೋಡಲು ಬಂದ ನೆಂಟನೊಬ್ಬ ತಮಾಷೆಗೆ ಎಂದುಕೊಂಡು, "ಊರಿಗೆಲ್ಲ ಡ್ರೈವಿಂಗ್ ಕಲಿಸ್ತೀಯ, ನಿನ್ನ ಮನೇಲಿ ಒಬ್ಬರಿಗೂ ಬರಲ್ಲ ಅಂದ್ರೆ ಏನಮ್ಮಾ ಇದು!" ಎಂದ. ಅವಳು ನಗಲು ನೋಡಿದಳು. ತುಟಿ ಮಾತು ಕೇಳಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಮೈಯೆಲ್ಲ ಕಿವಿಯಾದಳು. ಅಡುಗೆಮನೆಯಲ್ಲಿದ್ದರೂ ಅವರ ಉಸಿರು ಕೇಳಬೇಕು. ಕೇಳಿಸದಿದ್ದರೆ ಒಲೆ ಆರಿಸಿ ಓಡಿಬಂದು ಮೂಗಿನ ಹತ್ತಿರ ಬೆರಳು ಹಿಡಿಯುವಳು. ನಿದ್ದೆ ಹತ್ತಿದ್ದ ಮೇಷ್ಟ್ರು ಬೆಚ್ಚಿ ಎದ್ದು, "ಇನ್ನೂ ಇದೀನಿ, ಹೋಗು" ಎನ್ನುತ್ತಿದ್ದರು. ಕೆಲಸದಲ್ಲಿದ್ದರೆ ಕೆಂಪು ದೀಪ ಬಿದ್ದಾಗೆಲ್ಲ ಮನೆಗೆ ಫೋನು. ಯಾರೂ ಎತ್ತದೆ ಫೋನು ಹೊಡೆದುಕೊಳ್ಳುತ್ತಿದ್ದರೆ ಅವಳ ಅಂಗೈ ಬೆವರಿ, ಎದೆಯ ಮೇಲೆ ಯಾರೋ ಕುಳಿತಂತಾಗಿ, ರಸ್ತೆ ಕಿರಿದಾಗುತ್ತ ಬರುತ್ತಿತ್ತು. ಒಂದು ದಿನ ಸ್ಕ್ರೂಡ್ರೈವರ್ ತಂದು ಬಚ್ಚಲುಮನೆಯ ಚಿಲಕವನ್ನೇ ಬಿಚ್ಚಿಹಾಕಿದಳು.

ಮೇಷ್ಟ್ರು ಖಾಲಿ ತೂತುಗಳನ್ನು ನೋಡಿ, ತೊದಲುತ್ತಲೇ, "ಮನುಷ್ಯನಿಗೆ ಕೊನೇಲಿ ಉಳಿಯೋ ಸ್ವಂತ ದೇಶ ಅಂದ್ರೆ ಬಚ್ಚಲುಮನೆ ಕಣೇ" ಎಂದರು. "ಅದರ ಗಡೀನೂ ಅಳಿಸಿಬಿಟ್ಟೆಯಲ್ಲ."

"ಒಳಗೆ ಬಿದ್ರೆ?"

"ಬಿದ್ರೆ ಅಲ್ಲೇ ಬಾವುಟ ನೆಡ್ತೀನಿ ಬಿಡು."

ಅವಳಿಗೆ ನಗು ಬರಲಿಲ್ಲ. ತಲೆಯಲ್ಲಿ ಆ ಕೀ ನೇತಾಡುತ್ತಿತ್ತು. ತಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಇವರಿಗೆ ಮತ್ತೆ ಏನಾದರೂ ಆದರೆ? ಎರಡನೆಯ ಸಲಕ್ಕೆ ಇವರು ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಯೇ ಇದ್ದರು. ಹಾಗಾಗಿ ಪುಟ್ಟಿ ಕಾರು ಕಲಿಯಲೇಬೇಕು. ಈ ಒಂದು ವಿಷಯ ಅವಳ ಬೆನ್ನಿಗೆ ಬಿತ್ತು. ಪುಟ್ಟಿಯೂ ಈ ಸಲ ಎದುರಾಡಲಿಲ್ಲ. ಆ ಬೆಳಗಿನ ಕೀಯನ್ನು ಅವಳೂ ನೋಡಿದ್ದಳಲ್ಲ.

ಸ್ಕೂಲಿನ ಮಾಲೀಕ, ತರಗತಿಗಳು ಶುರುವಾಗುವ ಮುಂಚೆ ಕಾರು ತೆಗೆದುಕೊಂಡು ಹೋಗಲು ಒಪ್ಪಿದ. ತಾಯಿ ಮಗಳು ಬೆಳಗಿನ ಖಾಲಿ ರಸ್ತೆಗಳಲ್ಲಿ ಹೊರಟರು. ಮಗಳು ಚೆನ್ನಾಗಿಯೇ ಓಡಿಸಿದಳು. ಗೇರು ಸಲೀಸಾಯಿತು, ತಿರುವು ಸಲೀಸಾಯಿತು. ಮುಂದೆ ಏನಾದರೂ ಅಡ್ಡ ಬಂದರೆ ಕಾರು ಹೂವಿನ ಮೇಲೆ ನಿಂತಂತೆ ನಿಲ್ಲುತ್ತಿತ್ತು. "ಇನ್ನೇನು, ಟೆಸ್ಟಿಗೆ ಹೋಗ್ಬಹುದು" ಎಂದು ತಾಯಿ ಮನೆಗೆ ಬಂದು ಮೇಷ್ಟ್ರಿಗೆ ವರದಿ ಒಪ್ಪಿಸುತ್ತಿದ್ದಳು. ಅವಳ ಕಾಲು ಮಾತ್ರ ಮೊದಲಿಗಿಂತ ಚುರುಕಾಗಿತ್ತು. ನಾಯಿ ರಸ್ತೆಗೆ ಬರುವ ಮುಂಚೆ, ಬರಬಹುದೆನ್ನುವಾಗಲೇ ಒತ್ತುತ್ತಿತ್ತು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಬ್ಯಾಂಕಿನ ಕೆಲಸದವಳೊಬ್ಬಳಿಗೆ ಪಾಠ ನಡೆಯುತ್ತಿತ್ತು. ಹಸಿರು ದೀಪ, ತೆರೆದ ರಸ್ತೆ, ಕಾರು ಸರಾಗವಾಗಿ ಹೋಗುತ್ತಿದೆ. ಬ್ರೇಕಕ್ಕನ ಪರ್ಸಿನಲ್ಲಿ ಫೋನು ಹೊಡೆದುಕೊಂಡಿತು. ಕಾಲು ಪೂರ್ತಿ ಒತ್ತಿಬಿಟ್ಟಿತು. ಕಾರು ನಡುಚೌಕದಲ್ಲಿ ಗಕ್ಕನೆ ನಿಂತು, ಹಿಂದಿನ ವ್ಯಾನು ಬಂದು ಗುದ್ದಿತು. ಯಾರಿಗೂ ಹೆಚ್ಚು ಪೆಟ್ಟಾಗಲಿಲ್ಲ. ಆ ಹುಡುಗಿ ಮಾತ್ರ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿ, "ನಾನಲ್ಲ ಮೇಡಂ, ನಾನು ಏನೂ ಮಾಡಿಲ್ಲ!" ಎಂದು ಅಳುತ್ತಿದ್ದಳು. ಫೋನಿನಲ್ಲಿದ್ದದ್ದು ಯಾವುದೋ ಜಾಹೀರಾತಿನ ಕರೆ.

ಮಾಲೀಕ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅಕ್ಕಾ, ಸ್ವಲ್ಪ ದಿನ ಮನೇಲಿರಿ. ಮೇಷ್ಟ್ರನ್ನ ನೋಡ್ಕೊಳ್ಳಿ. ಪುಟ್ಟೀನ ನಮ್ಮ ಮೀಸೆ ಮಾಮ ಕರ್ಕೊಂಡು ಹೋಗ್ತಾನೆ" ಎಂದ.

ಮೀಸೆ ಮಾಮ ಅದೇ ಸ್ಕೂಲಿನ ಇನ್ನೊಬ್ಬ ಕಲಿಸುವವನು. ಮಾತು ಕಡಿಮೆ, ಮೀಸೆ ಜಾಸ್ತಿ. ಪಾಠದ ಹೊತ್ತಿನಲ್ಲಿ ಕಾಲುಗಳನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು, ಪ್ರಾಣಕ್ಕೆ ಬಂದಾಗ ಮಾತ್ರ ಪೆಡಲ್ ಮುಟ್ಟುವುದು ಅವನ ಪದ್ಧತಿ. ಪುಟ್ಟಿಯನ್ನು ಕರೆದುಕೊಂಡು ಹೋದ ಮೊದಲ ದಿನವೇ ಅವನು ಮನೆಗೆ ಬಂದು ಬಾಗಿಲಲ್ಲಿ ನಿಂತ. ಹಿಂದೆ ಪುಟ್ಟಿ ಸುಣ್ಣದಂತೆ ಬಿಳಿಚಿಕೊಂಡು ನಿಂತಿದ್ದಳು.

"ಏನಾಯ್ತೋ?" ಎಂದಳು ಬ್ರೇಕಕ್ಕ.

"ಏನೂ ಆಗ್ಲಿಲ್ಲ. ಆಗ್ತಿತ್ತು." ಅವನು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಮಾತಾಡಿದ. "ಮಾರ್ಕೆಟ್ ತಿರುವಲ್ಲಿ ತರಕಾರಿ ಗಾಡಿ ಅಡ್ಡ ಬಂತು. ದೂರದಿಂದ್ಲೇ ಕಾಣ್ತಿತ್ತು. ನೋಡಿದ್ಲು. ನೋಡ್ತಾನೇ ಇದ್ಲು. ಬ್ರೇಕ್ ಒತ್ತಲೇ ಇಲ್ಲ ಅಕ್ಕಾ. ಗಾಡಿಯವನು ಬದನೆಕಾಯಿ ಬಿಟ್ಟು ಓಡಿದ. ಕೊನೇ ಗಳಿಗೇಲಿ ನಾನು ಹಾಕಿದೆ."

"ಹೆದರ್ಕೊಂಡ್ಬಿಟ್ಟಿದ್ದಾಳೆ ಪಾಪ..."

"ಹೆದರಿಕೆ ಅಲ್ಲ." ಅವನು ಮೀಸೆ ನೇವರಿಸಿಕೊಂಡ. "ಯಾಕಮ್ಮ ಒತ್ತಲಿಲ್ಲ ಅಂದ್ರೆ, 'ನಿಲ್ಲುತ್ತೆ ಅನ್ಕೊಂಡೆ' ಅಂದ್ಲು. ಕಾರು ತಾನಾಗೇ ನಿಲ್ಲುತ್ತಂತೆ! ಇವಳಿಗೆ ಗೇರು ಗೊತ್ತು, ತಿರುಗಿಸೋದು ಗೊತ್ತು. ಕಾಲಿಗೆ ಬ್ರೇಕೇ ಗೊತ್ತಿಲ್ಲ. ಕಲಿಯೋಕೆ ನೀನು ಬಿಟ್ಟಿದ್ರೆ ತಾನೆ?"

ಅವನು ಹೊರಟುಹೋದ. ಬ್ರೇಕಕ್ಕ ಹೊಸ್ತಿಲ ಮೇಲೆ ಕುಳಿತಳು. ಮಗಳು ಎಂದೂ ಬ್ರೇಕು ಹಾಕಿರಲೇ ಇಲ್ಲ. ಅಷ್ಟು ಬೆಳಗುಗಳಲ್ಲಿ ಒಂದು ಸಲವೂ ಇಲ್ಲ. ಪ್ರತಿ ಸಲವೂ ತಾಯಿಯ ಕಾಲು ಮುಂದಾಗಿ ಹೋಗಿತ್ತು. ಇಂಥ ಮಗಳನ್ನು ತಾನು ಟೆಸ್ಟಿಗೆ ಕಳಿಸುವವಳಿದ್ದಳು. ಆಮೇಲೆ ಒಂದು ದಿನ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಪಕ್ಕದಲ್ಲಿ ಯಾರೂ ಇಲ್ಲದೆ, ಇವಳು ಮಾರ್ಕೆಟ್ ತಿರುವಿಗೆ ಬಂದಿದ್ದರೆ? ಅವಳಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ತರಕಾರಿ ಗಾಡಿಯ ಚಕ್ರವೂ ಕಂಡಿತು. ಎದೆ ಡವಡವ ಹೊಡೆದುಕೊಂಡು ಉಸಿರು ಸಿಗದಾಯಿತು. ಪುಟ್ಟಿ ನೀರು ಕುಡಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಹೃದಯ ಪರೀಕ್ಷೆ ಮಾಡಿಸಿ, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಇದು ದಿಗಿಲು ಎಂದರು. ಮೇಷ್ಟ್ರಿಗೆ ಫಿಸಿಯೋಥೆರಪಿ ಕೊಡುತ್ತಿದ್ದ ಕಾರಿಡಾರಿನ ಕೊನೆಯಲ್ಲಿ ಆಪ್ತ ಸಲಹೆ ಎಂದು ಬೋರ್ಡು ಹಾಕಿದ ಸಣ್ಣ ಕೋಣೆಯೊಂದಿತ್ತು. ಪುಟ್ಟಿ ತಾಯಿಯನ್ನು ಅದರೊಳಗೆ ಹೆಚ್ಚುಕಡಿಮೆ ತಳ್ಳಿಯೇ ಬಾಗಿಲು ಹಾಕಿದಳು. ಒಳಗೆ ನಡುವಯಸ್ಸಿನ ಹೆಂಗಸು, ಮೇಜಿನ ಮೇಲೆ ತಣ್ಣಗಾದ ಟೀ.

"ಈ ಹೆದರಿಕೆ ಹೋಗೋ ಹಾಗೆ ಏನಾದ್ರೂ ಮಾಡಿ. ಹೋದ ಮೇಲೆ ಮಗಳಿಗೆ ಸರಿಯಾಗಿ ಕಲಿಸ್ತೀನಿ" ಎಂದಳು ಬ್ರೇಕಕ್ಕ.

"ನಿಮ್ಮ ಹತ್ರ ಕಲಿಯೋಕೆ ಬರೋರಿಗೆ ಹೆದರಿಕೆ ಇರಲ್ವಾ?"

"ಇರದೆ ಏನು? ಕೈ ಎಲ್ಲ ನಡುಗ್ತಿರುತ್ತೆ."

"ಮೊದ್ಲು ಹೆದರಿಕೆ ಬಿಟ್ಟು ಆಮೇಲೆ ಬನ್ನಿ ಅಂತೀರಾ?"

"ಹಾಗಂದ್ರೆ ನಮ್ಮ ಮಾಲೀಕ ಅಂಗಡಿ ಮುಚ್ಕೊಂಡು ಹೋಗ್ಬೇಕಾಗುತ್ತೆ."

"ಮತ್ತೆ ಏನಂತೀರಿ?"

"ನಡುಗಿದ್ರೆ ನಡುಗ್ಲಿ, ಕೈ ಸ್ಟಿಯರಿಂಗ್ ಮೇಲಿರ್ಲಿ. ಕಣ್ಣು ದೂರ ನೋಡ್ಲಿ ಅಂತೀನಿ." ಹೇಳಿ ಮುಗಿಸುವಷ್ಟರಲ್ಲಿ ಮಾತು ಎಲ್ಲಿಗೆ ಬಂದಿತೆಂದು ಅವಳಿಗೆ ಹೊಳೆಯಿತು. ಸಿಟ್ಟೂ ಬಂತು. "ಅದು ಓಡಿಸೋರಿಗೆ, ಮೇಡಂ. ಪಕ್ಕದಲ್ಲಿ ಸುಮ್ನೆ ಕೂತಿರ್ಬೇಕಾದೋರಿಗೆ ಏನು ಹೇಳೋದು?"

ಸಲಹೆಗಾರ್ತಿ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮ ಕಾಲು ಹೋದಾಗ ಅದನ್ನ ತಡೀಬೇಡಿ, ಬೈಯಲೂ ಬೇಡಿ. ಹೋಯ್ತು ಅಂತ ಬಾಯಿಬಿಟ್ಟು ಹೇಳಿ ಸಾಕು. ಆಮೇಲೆ ನಿಧಾನಕ್ಕೆ ವಾಪಸ್ ತನ್ನಿ. ಮತ್ತೆ ಹೋದ್ರೆ ಮತ್ತೆ ಹೇಳಿ. ಹೆದರಿಕೆ ಇರ್ಲಿ. ನಿಮಗೆ ಬೇಕಾಗಿರೋದು ಮಗಳು ಕಲಿಯೋದು ತಾನೆ? ಅದರ ಮೇಲೆ ಕಣ್ಣಿಡಿ."

ಮನೆಗೆ ಬಂದು ಇದನ್ನು ಹೇಳಿದಾಗ ಮೇಷ್ಟ್ರು, "ಅಂದ್ರೆ ಇಷ್ಟು ವರ್ಷ ಓಡಾಡಿದ ಕಾಲು ಈಗ ಹೇಳಿ ಹೋಗ್ಬೇಕು ಅಂತಾಯ್ತು" ಎಂದರು.

ಅವಳು ಎರಡು ಕೆಲಸ ಮಾಡಿದಳು. ಮೊದಲನೆಯದು, ಬಚ್ಚಲುಮನೆಯ ಚಿಲಕ ಮತ್ತೆ ಹಾಕಿದಳು. ಹಾಕುವಾಗ ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು. ಮೇಷ್ಟ್ರು ಒಳಗೆ ಹೋಗಿ ಚಿಲಕ ಹಾಕಿಕೊಂಡ ಸದ್ದು ಕೇಳಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಕೊಂಡಳು, ಅವರು ಹೊರಗೆ ಬರುವವರೆಗೂ. ಒಳಗಿನಿಂದ ಅವರು, "ಅಲ್ಲೇ ಇದೀಯಾ?" ಎಂದು ಕೂಗಿದರು. "ಇಲ್ಲ" ಎಂದಳು.

ಎರಡನೆಯದು, ಸ್ಕೂಲಿನ ಕಾರು ಬೇಡವೆಂದಳು. ಮನೆಯ ಸಣ್ಣ ಕಾರಿನಲ್ಲೇ ಕಲಿಸುವುದೆಂದು ತೀರ್ಮಾನಿಸಿದಳು. ಅದರ ಪಕ್ಕದ ಸೀಟಿನ ಕೆಳಗೆ ರಬ್ಬರಿನ ಚಾಪೆ ಬಿಟ್ಟರೆ ಏನೂ ಇರಲಿಲ್ಲ.

ಮೊದಲ ದಿನ ಮೇಷ್ಟ್ರೂ ಹೊರಟು ನಿಂತರು. ಬೇಡವೆಂದರೆ, "ದಾರಿ ಹೇಳೋಕೆ ಒಬ್ಬ ಬೇಡ್ವಾ?" ಎಂದು ಊರುಗೋಲು ಮುಂದೆ ಚಾಚಿದರು. ಮಗಳು ಅವರನ್ನು ಹಿಂದಿನ ಸೀಟಿಗೆ ಹತ್ತಿಸಿದಳು. ಮೊದಮೊದಲು ಹಳೆಯ ಗೋದಾಮುಗಳ ಹಿಂದಿನ ಖಾಲಿ ಜಾಗ. ಬ್ರೇಕಕ್ಕ ಹೇಳಿಕೊಟ್ಟದ್ದು ಒಂದೇ ಪಾಠ, ನಿಲ್ಲಿಸುವುದು. ಪುಟ್ಟಿ ಹೋಗುವಳು, ನಿಲ್ಲಿಸುವಳು. ಮೂವರ ತಲೆಯೂ ಮುಂದಕ್ಕೆ ಬಾಗಿ ಹಿಂದಕ್ಕೆ ಬರುವುದು. "ಇದು ಭೂಕಂಪ ವಲಯ" ಎನ್ನುವರು ಮೇಷ್ಟ್ರು. ಬ್ರೇಕಕ್ಕನ ಕಾಲು ಚಾಪೆಯನ್ನು ಹೊಸಕುತ್ತಿತ್ತು.

"ಕಾಲು ಹೋಯ್ತು" ಎನ್ನುವಳು.

"ವಾಪಸ್ ಕರಿ" ಎನ್ನುವರು ಹಿಂದಿನಿಂದ.

ಕಾಲು ಹಿಂದಕ್ಕೆ ಬರುವುದು. ಮುಂದಿನ ಕ್ಷಣ ಮತ್ತೆ ಹೋಗುವುದು. "ಹೋಯ್ತು." "ಕರಿ." "ಹೋಯ್ತು ಕಣ್ರೀ ಮತ್ತೆ." "ಊರೂರು ತಿರುಗೋ ಕಾಲು ಅದು, ಕರೀತಿರು." ಪುಟ್ಟಿಗೆ ನಗು ತಡೆಯಲಾಗದೆ ಒಂದು ಸಲ ಕಾರನ್ನೇ ಆಫ್ ಮಾಡಿಕೊಂಡಳು.

ಎಲ್ಲ ದಿನವೂ ನಗುವಿನ ದಿನವಾಗಿರಲಿಲ್ಲ. ಮೊದಲ ಸಲ ದೊಡ್ಡ ರಸ್ತೆಗೆ ಬಂದ ದಿನ ಲಾರಿಗಳ ನಡುವೆ ಸಿಕ್ಕಿ ಬ್ರೇಕಕ್ಕನಿಗೆ 'ಹೋಯ್ತು' ಎನ್ನಲೂ ಸ್ವರ ಹೊರಡಲಿಲ್ಲ. ಕೈ ತಾನಾಗಿ ಸ್ಟಿಯರಿಂಗಿನ ಕಡೆಗೆ ಚಾಚಿತು. ಪುಟ್ಟಿ ಕೈಯನ್ನು ತಳ್ಳಿದಳು. "ಅಮ್ಮಾ! ಇಬ್ಬರೂ ಹಿಡಿದ್ರೆ ಮೂವರೂ ಹೋಗ್ತೀವಿ!"

"ನಿಲ್ಸು. ನಾನು ಇಳೀತೀನಿ."

"ಇಲ್ಲೇನಾ?"

"ನಿಲ್ಸು ಅಂದೆ!"

ಪುಟ್ಟಿ ಅಂಚಿಗೆ ನಿಲ್ಲಿಸಿದಳು. ಬ್ರೇಕಕ್ಕ ಇಳಿದು, ಬಾಗಿಲು ಬಡಿದು, ಫುಟ್‌ಪಾತಿನ ಮೇಲೆ ಬಿರಬಿರನೆ ಮನೆಯ ಕಡೆಗೆ ನಡೆದಳು. ಕಣ್ಣಲ್ಲಿ ನೀರು. ಇಷ್ಟು ಜನಕ್ಕೆ ಕಲಿಸಿದವಳು ನಾನು, ಇಷ್ಟೇನಾ ನನ್ನ ಕೈಲಾಗೋದು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಕಾರು ಎತ್ತಿನಗಾಡಿಯಂತೆ ಬರತೊಡಗಿತು. ಹಿಂದಿನ ಗಾಡಿಗಳೆಲ್ಲ ಹಾರನ್ನು ಹೊಡೆಯುತ್ತಿದ್ದವು. ಹಿಂದಿನ ಕಿಟಕಿ ಇಳಿಯಿತು.

"ಅಮ್ಮಾವ್ರೇ, ಯಾವ ಕಡೆ ಹೋಗ್ಬೇಕು?" ಎಂದರು ಮೇಷ್ಟ್ರು. "ನಾವೂ ಅದೇ ಕಡೆ."

ಅವಳು ತಿರುಗಿ ನೋಡಲಿಲ್ಲ. ಎದುರಿನಿಂದ ಬಸ್ಸೊಂದು ಕಾರಿನ ಕಡೆಗೆ ಒತ್ತಿಕೊಂಡು ಬಂತು. ಫುಟ್‌ಪಾತಿನ ಕಲ್ಲಿನ ಮೇಲೆ ಅವಳ ಬಲಗಾಲು ನೆಲವನ್ನು ಒತ್ತಿ ನಿಂತುಬಿಟ್ಟಿತು. ಬಸ್ಸು ಹಾದುಹೋಯಿತು. ಪುಟ್ಟಿ ಕಾರನ್ನು ನಿಲ್ಲಿಸಿ, ದಾರಿ ಕೊಟ್ಟು, ಮತ್ತೆ ಹೊರಡಿಸಿದ್ದಳು. ತಾನಾಗಿಯೇ. ಹೊರಗಿದ್ದುಕೊಂಡು ಅದನ್ನು ನೋಡಿದ್ದು ಇದೇ ಮೊದಲು. ಬ್ರೇಕಕ್ಕ ಬಾಗಿಲು ತೆಗೆದು ಒಳಗೆ ಕುಳಿತಳು.

"ಹೊರಗಿದ್ರೆ ಇನ್ನೂ ಜಾಸ್ತಿ ಹೆದರಿಕೆ. ಒಳಗೇ ವಾಸಿ" ಎಂದಳು.

ಪುಟ್ಟಿ ಟೆಸ್ಟು ಪಾಸಾದಳು, ಎರಡನೆಯ ಪ್ರಯತ್ನದಲ್ಲಿ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಅವಳದಾಯಿತು. ಮಾಲೀಕ ಬ್ರೇಕಕ್ಕನನ್ನು ವಾಪಸ್ಸು ಕರೆಸಿಕೊಂಡ. ಈಗ ಅವಳ ಕಾರಿನಲ್ಲಿ ಗೀರುಗಳು ಬೀಳತೊಡಗಿದ್ದವು. ಕಂಬಕ್ಕೆ ತಾಗಿದ್ದು, ಗೇಟಿಗೆ ಉಜ್ಜಿದ್ದು. ಮಾಲೀಕ ಗೊಣಗಿದ, ಆದರೆ ಅವಳ ಹತ್ತಿರ ಕಲಿತವರು ಟೆಸ್ಟಿನಲ್ಲಿ ನಿಲ್ಲಿಸಬೇಕಾದಲ್ಲಿ ತಾವೇ ನಿಲ್ಲಿಸುವುದನ್ನು ನೋಡಿ ಸುಮ್ಮನಾದ. ಹಳೆಯ ಶಿಷ್ಯೆಯೊಬ್ಬಳು ಈಗ ಕಾರು ಕಲಿಯುತ್ತಿದ್ದ ತಂಗಿಯ ಜೊತೆ ಬಂದು ಹಿಂದೆ ಕುಳಿತವಳು, ಕಾರು ಮುಗ್ಗರಿಸಿದ್ದನ್ನು ನೋಡಿ, "ಅಕ್ಕಾ, ನಿಮ್ಮ ಕಡೆ ಬ್ರೇಕು ಕೆಟ್ಟಿದೆಯಾ?" ಎಂದು ಕೇಳಿದಳು.

"ಇಲ್ಲಮ್ಮ, ಅದು ಚೆನ್ನಾಗಿದೆ. ನಾನೇ ರಿಪೇರಿಲಿದೀನಿ."

ಹೆದರಿಕೆ ಹೋಗಲಿಲ್ಲ. ಕಡಿಮೆಯಾಯಿತೆಂದು ಹೇಳಿದರೂ ಸುಳ್ಳಾದೀತು. ಪುಟ್ಟಿ ಓಡಿಸುವಾಗ ಪಕ್ಕದಲ್ಲಿ ಕುಳಿತರೆ ಕಾಲು ಹೋಗುತ್ತಲೇ ಇತ್ತು. ಚಾಪೆಯಲ್ಲಿ ಹಿಮ್ಮಡಿಯ ಗಾತ್ರದ ತೂತು ಬಿದ್ದಿತ್ತು. ಫೋನು ಎತ್ತದಿದ್ದರೆ ಎದೆಯ ಮೇಲೆ ಯಾರೋ ಬಂದು ಕೂರುತ್ತಿದ್ದರು. "ಬಂದೆಯಾ, ಕೂತ್ಕೋ. ನನಗೆ ಕ್ಲಾಸಿದೆ" ಎಂದು ಅವಳು ತನ್ನಷ್ಟಕ್ಕೆ ಗೊಣಗುವುದನ್ನು ಗೆಳತಿಯರು ಕೇಳಿದ್ದಾರೆ.

ಅದಕ್ಕೇ ಮಂಗಳವಾರ ಬೆಳಿಗ್ಗೆ ಎದೆ ಹಿಡಿದುಕೊಂಡಾಗ ಅವಳು ಮೊದಲು, "ಅದೇ ಹಳೇದು" ಎಂದಳು. ತಿಂಡಿಯ ತಟ್ಟೆ ಕೆಳಗಿಟ್ಟು ಗೋಡೆಗೆ ಒರಗಿದಳು. ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಹಣೆಯಿಂದ ಬೆವರು ಕಿತ್ತುಕೊಂಡು ಬರುತ್ತಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಇದು ಅದಲ್ಲ" ಎಂದರು. ಮಾತು ಅಷ್ಟು ಸ್ಪಷ್ಟವಾಗಿ ಅವರಿಗೆ ಬಹಳ ದಿನದಿಂದ ಬಂದಿರಲಿಲ್ಲ. "ಪುಟ್ಟಿ, ಕೀ."

ಪುಟ್ಟಿ ಆಗಲೇ ಮೊಳೆಯಿಂದ ಕೀ ತೆಗೆದಿದ್ದಳು. ತಾಯಿಯನ್ನು ಹೆಗಲಿಗೆ ಒರಗಿಸಿಕೊಂಡು ಗೇಟು ದಾಟಿಸಿ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಮೇಷ್ಟ್ರು ಊರುಗೋಲು ಊರಿಕೊಂಡು ಗೇಟಿನವರೆಗೆ ಬಂದಿದ್ದರು. ಪುಟ್ಟಿ ಹಿಂದಿನ ಬಾಗಿಲು ತೆಗೆಯಹೋದಳು.

"ಬೇಡ. ನನ್ನ ಹತ್ತಿಸೋಷ್ಟರಲ್ಲಿ ಎರಡು ಸಿಗ್ನಲ್ ದಾಟ್ತೀರಿ. ಬೇಕರಿಯವನ ಜೊತೆ ಬರ್ತೀನಿ. ಹೋಗಿ." ಕಿಟಕಿಯೊಳಗೆ ಕೈಚಾಚಿ ಹೆಂಡತಿಯ ಭುಜ ಮುಟ್ಟಿದರು. "ದಾರಿ ಗೊತ್ತಲ್ಲ?"

"ನೀವು ಹೇಳಿದ್ದೇ ದಾರಿ" ಎಂದಳು ಅವಳು.

ಬೆಳಗಿನ ರಸ್ತೆ ತುಂಬಿ ಹರಿಯುತ್ತಿತ್ತು. ಶಾಲೆಯ ವ್ಯಾನುಗಳು, ಹಾಲಿನ ಗಾಡಿಗಳು, ಹಿಂದೆ ಮುಂದೆ ನೋಡದೆ ನುಗ್ಗುವ ಬೈಕುಗಳು. ಪುಟ್ಟಿಯ ಕೈ ನಡುಗುತ್ತಿತ್ತು. ನಡುಗುತ್ತಲೇ ಸ್ಟಿಯರಿಂಗ್ ಮೇಲಿತ್ತು. ಬ್ರೇಕಕ್ಕ ಕಣ್ಣು ಮುಚ್ಚಲಿಲ್ಲ. ಒಂದು ಕೈ ಎದೆಯ ಮೇಲಿತ್ತು. ಮಾರ್ಕೆಟ್ ತಿರುವಿನಲ್ಲಿ ಆಟೋವೊಂದು ಏಕಾಏಕಿ ಅಡ್ಡ ನುಗ್ಗಿತು. ಬಲಗಾಲು ಚಾಪೆಯ ತೂತಿಗೆ ಹೋಗಿ ಒತ್ತಿತು.

"ಕಾಲು ಹೋಯ್ತು" ಎಂದಳು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಕಾರು ನಿಂತಿತು. ತಲೆ ಮುಂದಕ್ಕೆ ಬಾಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಆಟೋ ದಾಟಿತು. ಪುಟ್ಟಿ ಕನ್ನಡಿ ನೋಡಿ, ಗೇರು ಬದಲಿಸಿ, ಹೊರಟಳು. "ವಾಪಸ್ ಕರಿ ಅಮ್ಮಾ" ಎಂದಳು. ಅಳುತ್ತಿದ್ದಳು, ಕಣ್ಣು ಮಾತ್ರ ದೂರದಲ್ಲಿತ್ತು.

ಬ್ರೇಕಕ್ಕ ಮಗಳನ್ನು ನೋಡಿದಳು. ಮಗಳ ಕಾಲನ್ನೂ ನೋಡಿದಳು. ಆಮೇಲೆ ರಸ್ತೆಯನ್ನು ನೋಡಿದಳು. ಇನ್ನೊಂದು ಸಿಗ್ನಲ್ ಇತ್ತು, ಸೇತುವೆ ಇತ್ತು, ಅದರಾಚೆ ಆಸ್ಪತ್ರೆ.

"ಸೇತುವೆ ಹತ್ರ ಇಂಡಿಕೇಟರ್ ಮರೀಬೇಡ" ಎಂದಳು.

ಬಗ್ಗಲು ಆಗಲಿಲ್ಲ. ಒಂದು ಪಾದದಿಂದ ಇನ್ನೊಂದನ್ನು ಒದ್ದು, ಚಪ್ಪಲಿಗಳನ್ನು ಕಳಚಿದಳು. ಎಡಗಾಲನ್ನು ಸೀಟಿನ ಮೇಲಕ್ಕೆ ತಂದಳು. ಬಲಗಾಲನ್ನು ಎರಡೂ ಕೈಯಿಂದ ಹಿಡಿದೆತ್ತಿ ಅದರ ಮೇಲಿಟ್ಟಳು. ಮನೆಯ ನೆಲದ ಮೇಲೆ ಕೂತ ಹಾಗೆ, ಕಾರಿನಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಕುಳಿತಳು.